ಓಲೆಗರಿಯಿಂದ ಅಚ್ಚಿನ ಹಾಳೆಗೆ: ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರ ಸಂರಕ್ಷಣಾ ಕಾಯಕ

ಶರಣರ ವಚನಗಳು ಇಂದು ನಮಗೆ ಸುಲಭವಾಗಿ ದೊರೆಯುತ್ತವೆ. ಪುಸ್ತಕದಂಗಡಿಯಲ್ಲಿ ಕೊಳ್ಳುತ್ತೇವೆ, ಶಾಲೆಯ ಪಠ್ಯದಲ್ಲಿ ಓದಿಸುತ್ತೇವೆ, ಮಠಗಳ ಗೋಡೆಗಳ ಮೇಲೆ ಬರೆಸುತ್ತೇವೆ. ಬೆರಳ ತುದಿಯಿಂದ ಮೊಬೈಲಿನ ಪರದೆ ಸರಿಸಿದರೆ ಸಾವಿರಾರು ವಚನಗಳು ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಈ ಸಿರಿವಂತಿಕೆ ನಮಗೆ ತಾನಾಗಿ ಬಂದದ್ದಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆ ಈ ಸಂಪತ್ತಿನ ಬಹುಭಾಗ ಹಳ್ಳಿಗಳ ಜಗುಲಿಯ ಮೇಲೆ, ಮಠಗಳ ಮಾಡಿನಲ್ಲಿ, ಅಟ್ಟದ ಕತ್ತಲೆಯಲ್ಲಿ ಹೊಗೆ ಹಿಡಿದ ಓಲೆಗರಿಯ ಕಟ್ಟುಗಳಾಗಿ ಬಿದ್ದಿತ್ತು. ಗೆದ್ದಲಿಗೂ ಹುಳುವಿಗೂ ಅದು ಆಹಾರವಾಗುತ್ತಿತ್ತು. ಅದನ್ನು ಕೈಹಿಡಿದು ಎತ್ತಿದ ಮಹನೀಯರಲ್ಲಿ ಅಗ್ರಗಣ್ಯರು ರಾವ್ ಬಹದ್ದೂರ್ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರ ಜಯಂತಿಯನ್ನು ನಾವು ವಚನ ಸಂರಕ್ಷಣಾ ದಿನವೆಂದು ಆಚರಿಸುತ್ತೇವೆ. ಸಂರಕ್ಷಣೆ ಎಂಬ ಆ ಮಾತಿಗೆ ಅವರ ಬದುಕಿನಲ್ಲಿ ಯಾವ ಅರ್ಥವಿತ್ತು, ನಮ್ಮ ಬದುಕಿನಲ್ಲಿ ಯಾವ ಅರ್ಥವಿರಬೇಕು ಎಂಬುದನ್ನು ಇಲ್ಲಿ ನೆನೆಯೋಣ.

ಜನನ, ವಿದ್ಯಾಭ್ಯಾಸ

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರವಣಿಗೆಯಲ್ಲಿ ಆಸಕ್ತಿಯಿದ್ದವರು. ಅಂದು ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಚೇರಿಯಲ್ಲಿಯೂ ಪಾಠಶಾಲೆಯಲ್ಲಿಯೂ ಮರಾಠಿಯ ಪ್ರಭಾವ ದಟ್ಟವಾಗಿತ್ತು. ಕನ್ನಡವನ್ನು ಉಳಿಸಿಕೊಳ್ಳಬೇಕೆಂಬ ಕಳಕಳಿ ಆ ಊರಿನ ಗಾಳಿಯಲ್ಲಿಯೇ ಇತ್ತು. ಅಲ್ಲಿ ಶಾಲಾ ಶಿಕ್ಷಣ ಮುಗಿಸಿದ ಹಳಕಟ್ಟಿಯವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜು ಸೇರಿದರು. ಮುಂದೆ ಕರ್ನಾಟಕದ ಕುಲಪುರೋಹಿತರೆಂದು ಹೆಸರಾದ ಆಲೂರು ವೆಂಕಟರಾಯರ ಸ್ನೇಹ ಅವರಿಗೆ ಅಲ್ಲಿ ದೊರೆಯಿತು. 1904ರಲ್ಲಿ ಕಾನೂನು ಪದವಿ ಪಡೆದು, ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ಮಾಡಿ, ಬಳಿಕ ವಿಜಾಪುರಕ್ಕೆ ಬಂದು ನೆಲೆಸಿದರು. ಕೊನೆಯುಸಿರಿನವರೆಗೂ ಆ ಬರದ ನಾಡೇ ಅವರ ಕರ್ಮಭೂಮಿಯಾಯಿತು.

ವಕೀಲಿಯಲ್ಲಿ ಹೆಸರು, ಹಣ ಎರಡೂ ಬರುತ್ತಿದ್ದವು. ಆದರೆ ಅವರ ಮನಸ್ಸು ಬೇರೊಂದು ಕಡೆಗೆ ಎಳೆಯುತ್ತಿತ್ತು. ಪದವಿ ಪಡೆಯುವ ಹೊತ್ತಿಗಾಗಲೇ ರಬಕವಿ–ಬನಹಟ್ಟಿ ಸೀಮೆಯಲ್ಲಿ ಓಲೆಗರಿಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದಿದ್ದವು. ಬಿಚ್ಚಿ ನೋಡಿದಾಗ ಅವುಗಳಲ್ಲಿದ್ದದ್ದು ಪೂಜಾವಿಧಿಯಷ್ಟೇ ಅಲ್ಲ, ಮೌಢ್ಯವನ್ನು ಪ್ರಶ್ನಿಸುವ, ದುಡಿಮೆಗೆ ಘನತೆ ಕೊಡುವ, ಸ್ತ್ರೀಪುರುಷರೆಂಬ ಭೇದವೆಣಿಸದೆ ನುಡಿಯುವ ವಚನಗಳು. ಇಂಥ ನುಡಿಗಳು ಜಗುಲಿಯ ಮೇಲೆ ಮೂಕವಾಗಿ ಕುಳಿತಿರುವುದು ಅವರಿಗೆ ಸಹಿಸಲಾಗದ ಸಂಗತಿಯಾಯಿತು.

ಓಲೆಗರಿಯ ಸ್ಥಿತಿ

ಹಳಕಟ್ಟಿಯವರ ಕಾರ್ಯದ ಹಿರಿಮೆ ತಿಳಿಯಬೇಕಾದರೆ ಓಲೆಗರಿ ಎಂಬ ವಸ್ತುವನ್ನು ಸ್ವಲ್ಪ ಅರಿಯಬೇಕು. ತಾಳೆಯ ಎಲೆಗಳನ್ನು ಬೇಯಿಸಿ, ಒಣಗಿಸಿ, ನಯಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ ಗರಿ ಮಾಡುತ್ತಿದ್ದರು. ಕಂಠವೆಂಬ ಉಕ್ಕಿನ ಮೊನೆಯಿಂದ ಅದರ ಮೇಲೆ ಅಕ್ಷರಗಳನ್ನು ಕೊರೆಯುತ್ತಿದ್ದರು. ಕೊರೆದ ಗೆರೆಗಳಿಗೆ ದೀಪದ ಮಸಿಯನ್ನು ತೀಡಿದಾಗ ಮಾತ್ರ ಬರೆಹ ಕಪ್ಪಾಗಿ ಎದ್ದು ಕಾಣುತ್ತಿತ್ತು. ಗರಿಗಳಿಗೆ ರಂಧ್ರ ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಯಿಟ್ಟು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಕಟ್ಟುತ್ತಿದ್ದರು. ಬಿಗಿಯಾಗಿ ಕಟ್ಟುವುದಕ್ಕೆ ಕಾರಣವಿತ್ತು. ಗರಿಗಳ ನಡುವೆ ಗಾಳಿ, ತೇವ, ಧೂಳು ನುಸುಳಿದರೆ ಅವು ಮುರುಟಿಕೊಳ್ಳುತ್ತವೆ. ಮುರುಟಿದ ಗರಿ ಬಿಚ್ಚುವಾಗ ಸಿಗಿದುಹೋಗುತ್ತದೆ. ಒಳಗೆ ಹುಳು ಹೊಕ್ಕರೆ ಮೊದಲ ಗರಿಯಿಂದ ಕೊನೆಯ ಗರಿಯವರೆಗೆ ಒಂದೇ ತೂತು ಕೊರೆದು, ಪ್ರತಿ ಗರಿಯಲ್ಲಿಯೂ ಒಂದೆರಡು ಅಕ್ಷರ ತಿಂದುಬಿಡುತ್ತದೆ.

ಎಷ್ಟು ಜೋಪಾನ ಮಾಡಿದರೂ ಓಲೆಗರಿಯ ಆಯುಷ್ಯ ಕೆಲವು ಶತಮಾನಗಳು ಮಾತ್ರ. 12ನೆಯ ಶತಮಾನದಲ್ಲಿ ಶರಣರು ತಾವೇ ಬರೆದ ಗರಿಗಳು ನಮಗೆ ಉಳಿದುಬಂದಿಲ್ಲ. ಕಲ್ಯಾಣದ ವಿಪ್ಲವದ ಬಳಿಕ ಚದುರಿಹೋದ ವಚನಗಳನ್ನು 15ನೆಯ ಶತಮಾನದಲ್ಲಿ, ವಿಜಯನಗರದ ಅರಸರ ಕಾಲದಲ್ಲಿ, ವಿರಕ್ತರು ಶ್ರದ್ಧೆಯಿಂದ ಸಂಕಲಿಸಿ ಪ್ರತಿ ಮಾಡಿಸಿದರು. ಅನಂತರವೂ ಹಳೆಯ ಗರಿ ಜೀರ್ಣವಾಗುವ ಮುನ್ನ ಹೊಸ ಗರಿಗೆ ಇಳಿಸುವ ಲಿಪಿಕಾರರು ಇದ್ದುದರಿಂದಲೇ ವಚನ ಉಳಿಯಿತು. ಪ್ರತಿ ಮಾಡುವವರು ನಿಂತ ದಿನವೇ ಅಳಿವು ಆರಂಭವಾಗುತ್ತದೆ. 19ನೆಯ ಶತಮಾನದ ಹೊತ್ತಿಗೆ ಆ ಪರಂಪರೆ ಕ್ಷೀಣಿಸಿತ್ತು. ಕಾಗದ, ಮುದ್ರಣ ಬಂದಿದ್ದವು. ಹಳೆಯ ಬರೆಹ ಓದಬಲ್ಲವರು ವಿರಳರಾಗಿದ್ದರು.

ಇನ್ನೊಂದು ತೊಡಕು ಭಕ್ತಿಯಿಂದಲೇ ಹುಟ್ಟಿತ್ತು. ಮನೆಯವರು ಕಟ್ಟುಗಳನ್ನು ದೇವರೆಂದು ಪೂಜಿಸುತ್ತಿದ್ದರು. ವಿಭೂತಿ, ಹೂವು, ನೀರು, ದೀಪದ ಹೊಗೆ ಎಲ್ಲವೂ ಅವುಗಳಿಗೆ ತಾಕುತ್ತಿದ್ದವು. ಬಿಚ್ಚುವುದು ಅಪಚಾರ, ಹೊರಗೆ ಕೊಡುವುದು ಅಶುಭ ಎಂಬ ಭಾವನೆ ಬೇರೂರಿತ್ತು. ಭಕ್ತಿ ಕಟ್ಟನ್ನು ಮನೆಯಲ್ಲಿ ಉಳಿಸಿತು, ಅದೇ ಭಕ್ತಿ ಅದರೊಳಗಿನ ಅಕ್ಷರವನ್ನು ಅಳಿಸುತ್ತಲೂ ಇತ್ತು.

ಸಂಗ್ರಹ, ಪರಿಷ್ಕರಣ

ಹಳಕಟ್ಟಿಯವರು ಹಳ್ಳಿ ಹಳ್ಳಿ ಸುತ್ತಿದರು. ಸೈಕಲ್ಲು, ಚಕ್ಕಡಿ, ರೈಲು, ಕಾಲ್ನಡಿಗೆ ಯಾವುದಾದರೂ ಸರಿ, ಕಟ್ಟು ಇದೆಯೆಂದು ಕೇಳಿದಲ್ಲಿಗೆ ಹೋದರು. ಮನೆಯವರ ನಂಬಿಕೆಯನ್ನು ನೋಯಿಸದೆ ಅವರ ಮನವೊಲಿಸುವುದು ಅವರ ಮೊದಲ ಕೆಲಸವಾಗಿತ್ತು. ಕೆಲವರು ಕಟ್ಟನ್ನೇ ಕೊಟ್ಟರು, ಕೆಲವರು ಪ್ರತಿ ಮಾಡಿಕೊಳ್ಳಲು ಒಪ್ಪಿದರು. 1920ರ ಸುಮಾರಿಗೆ ಅವರ ಬಳಿ ಸಾವಿರದಷ್ಟು ಓಲೆಗರಿಯ ಕಟ್ಟುಗಳು ಸೇರಿದ್ದವೆಂದು ಅವರ ಚರಿತ್ರೆ ಬರೆದವರು ತಿಳಿಸುತ್ತಾರೆ.

ಸಂಗ್ರಹ ಅವರಿಗೆ ಆರಂಭ ಮಾತ್ರವಾಗಿತ್ತು. ಓಲೆಗರಿಯಲ್ಲಿ ಪದಗಳ ನಡುವೆ ಬಿಡುವಿಲ್ಲ, ವಾಕ್ಯ ನಿಲ್ಲುವ ಗುರುತಿಲ್ಲ. ಸಾಲು ಸಾಲಾಗಿ ಅಕ್ಷರಗಳ ಒಂದೇ ಪ್ರವಾಹ. ವಚನವೆಲ್ಲಿ ಮುಗಿಯಿತೆಂದು ತಿಳಿಸುವುದು ಕೊನೆಯಲ್ಲಿ ಬರುವ ಅಂಕಿತ. ಒಬ್ಬ ಶರಣರ ವಚನ ಯಾವುದು, ಮತ್ತೊಬ್ಬರದು ಯಾವುದು ಎಂದು ಬೇರ್ಪಡಿಸಲು ಆ ಅಂಕಿತವೇ ಆಧಾರ. ಹುಳು ತಿಂದ ಅಕ್ಷರವನ್ನು ಊಹೆಯಿಂದ ತುಂಬುವಂತಿಲ್ಲ. ಬೇರೊಂದು ಊರಿನ ಪ್ರತಿಯಲ್ಲಿ ಅದೇ ವಚನವನ್ನು ಹುಡುಕಿ, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ, ಪಾಠವನ್ನು ನಿರ್ಣಯಿಸಬೇಕು. ಆದ್ದರಿಂದ ಒಂದೇ ಗ್ರಂಥದ ಹತ್ತು ಪ್ರತಿ ದೊರೆತರೂ ಅದು ವ್ಯರ್ಥವಲ್ಲ. ನ್ಯಾಯಾಲಯದಲ್ಲಿ ದಸ್ತಾವೇಜುಗಳನ್ನು ಪರಿಶೀಲಿಸಿ ಪಳಗಿದ ವಕೀಲರ ಕಣ್ಣು ಇಲ್ಲಿ ಶರಣರ ಸೇವೆಗೆ ಒದಗಿತು.

ಈ ದುಡಿಮೆಯ ಫಲವೇನೆಂಬುದನ್ನು ಒಂದು ಸಂಗತಿಯಿಂದ ತಿಳಿಯಬಹುದು. ಅವರು ಕೆಲಸಕ್ಕೆ ತೊಡಗಿದಾಗ ವಿದ್ವಾಂಸರಿಗೆ ಪರಿಚಿತರಾಗಿದ್ದ ವಚನಕಾರರು ಸುಮಾರು ಐವತ್ತು ಮಂದಿ. ಅವರ ಶೋಧದಿಂದ ಆ ಸಂಖ್ಯೆ ಇನ್ನೂರನ್ನು ಮೀರಿತು. ಅಂಬಿಗರು, ಮಡಿವಾಳರು, ಮಾದಾರರು, ನೂಲುವವರು, ಕಟ್ಟಿಗೆ ಮಾರುವವರು ತಮ್ಮ ತಮ್ಮ ಅಂಕಿತಗಳೊಡನೆ ಮತ್ತೆ ಮಾತನಾಡತೊಡಗಿದರು. ಒಂದು ಕಟ್ಟು ಗೆದ್ದಲಿಗೆ ಹೋಗಿದ್ದರೆ ಒಬ್ಬ ಶರಣೆಯ ಹೆಸರೇ ಲೋಕದಿಂದ ಅಳಿಯುತ್ತಿತ್ತು. ಹೀಗೆ ಹೆಸರಿಲ್ಲದೆ ಹೋದವರು ಎಷ್ಟು ಮಂದಿಯೋ ಎಂದು ನೆನೆದಾಗ ನಮ್ಮ ಮನಸ್ಸು ಕಲಕುತ್ತದೆ.

ಮುದ್ರಣದ ಸಂಕಲ್ಪ

ಸಾವಿರ ಕಟ್ಟುಗಳನ್ನು ಒಂದೇ ಮನೆಯಲ್ಲಿ ಸೇರಿಸಿದರೆ ಅಪಾಯವೂ ಒಂದೇ ಕಡೆ ಸೇರಿದಂತೆ. ಒಂದು ಕಿಡಿ ಸಾಕು. ಬರೆಹವನ್ನು ಕಾಯುವ ದೃಢವಾದ ಉಪಾಯವೆಂದರೆ ಅದನ್ನು ನೂರಾರು ಮನೆಗಳಿಗೆ ಹಂಚಿಬಿಡುವುದು. ಅದಕ್ಕೆ ಮುದ್ರಣವೇ ದಾರಿಯೆಂದು ಹಳಕಟ್ಟಿಯವರು ನಿಶ್ಚಯಿಸಿದರು. ತಾವು ಸಿದ್ಧಪಡಿಸಿದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅದು ಮುದ್ರಣವಾಗದೆ ಹಿಂದಿರುಗಿತು. ಧೃತಿಗೆಡದೆ ಬೆಳಗಾವಿಯಲ್ಲಿ ಏರ್ಪಾಡು ಮಾಡಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂದಿತು. ಅದಕ್ಕೆ ಹಿಂದಿನ ವರ್ಷವೇ ವಚನಗಳ ಇಂಗ್ಲಿಷ್ ಅನುವಾದವನ್ನು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಪ್ರಕಟಿಸಿ, ಕನ್ನಡ ತಿಳಿಯದ ವಿದ್ವಾಂಸರ ಗಮನವನ್ನೂ ಸೆಳೆದಿದ್ದರು.

ಪರರ ಮುದ್ರಣಾಲಯವನ್ನು ನಂಬಿಕೊಂಡು ಇಷ್ಟು ದೊಡ್ಡ ಕಾರ್ಯ ಸಾಗದೆಂದು ಮನಗಂಡು 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕೆ ಬೇಕಾದ ಹಣವನ್ನು ತಮ್ಮ ವಾಸದ ಮನೆಯನ್ನು ಮಾರಿ ಹೊಂದಿಸಿದರು. ಅಂದಿನಿಂದ ಬಾಡಿಗೆಯ ಮನೆಯೇ ಅವರಿಗೆ ಗತಿಯಾಯಿತು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಆರಂಭವಾದವು. ಶಿವಾನುಭವವನ್ನು ಮೂರು ದಶಕಗಳಿಗೂ ಮೀರಿ ನಡೆಸಿದರು. ಚಂದಾದಾರರು ಕಡಿಮೆ, ಸಾಲ ಹೆಚ್ಚು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಗದವೇ ದುರ್ಲಭವಾಯಿತು. ಆದರೂ ವಚನಗಳು, ಶರಣರ ಚರಿತ್ರೆಗಳು, ಹರಿಹರನ ರಗಳೆಗಳು ಒಂದರ ಹಿಂದೆ ಒಂದರಂತೆ ಅಚ್ಚಾಗುತ್ತಲೇ ಇದ್ದವು.

ಇದರ ಜೊತೆಯಲ್ಲಿಯೇ ಅವರ ಸಮಾಜಸೇವೆಯೂ ನಡೆದಿತ್ತು. 1910ರಲ್ಲಿ ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಸ್ಥಾಪನೆಗೆ ಅವರು ಕಾರಣರಾದರು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನು ಕಟ್ಟಿದರು. 1920ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾದರು. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಶಾಲೆಗೆ, ಬ್ಯಾಂಕಿಗೆ ಸಾವಿರಾರು ರೂಪಾಯಿ ಕೂಡಿಸಿಕೊಟ್ಟವರು ತಾವು ಹರಿದ ಕೋಟಿಗೆ ತೇಪೆ ಹಾಕಿಕೊಂಡು ನಡೆದರು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಸ್ವಂತದ್ದೆಂದು ಹೇಳಿಕೊಳ್ಳುವ ಮನೆಯಿಲ್ಲದೆ ಅವರು ಹೋದರು. ಅವರು ಅಚ್ಚು ಮಾಡಿಸಿದ ಹಾಳೆಗಳು ಮಾತ್ರ ನಾಡಿನ ಸಾವಿರಾರು ಮನೆಗಳನ್ನು ಸೇರಿದ್ದವು. ಅವರು ಹಾಕಿದ ಅಡಿಪಾಯದ ಮೇಲೆಯೇ ಅನೇಕ ವಿದ್ವಾಂಸರು ದುಡಿದು, 1993ರಲ್ಲಿ ಕರ್ನಾಟಕ ಸರ್ಕಾರದಿಂದ ಸಮಗ್ರ ವಚನ ಸಾಹಿತ್ಯ 15 ಸಂಪುಟಗಳಲ್ಲಿ ಪ್ರಕಟವಾಯಿತು. ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನಾ ಕೇಂದ್ರ ಇಂದಿಗೂ ಕಾರ್ಯನಿರತವಾಗಿದೆ.

ಈಗ ಕಾಗದದ ಸರದಿ

ಇಲ್ಲಿಗೆ ಚರಿತ್ರೆ ಮುಗಿಯಿತೆಂದು ಕೈಮುಗಿದು ಎದ್ದರೆ ನಾವು ಹಳಕಟ್ಟಿಯವರನ್ನು ಅರಿತಂತಾಗದು. ಅವರು ಓಲೆಗರಿಯಿಂದ ವಚನವನ್ನು ಇಳಿಸಿದ ಕಾಗದವೂ ಅಮರವಲ್ಲ. ಹತ್ತಿ ಚಿಂದಿಯಿಂದ ಕೈಯಲ್ಲಿ ಮಾಡಿದ ಹಳೆಯ ಕಾಗದ ಶತಮಾನಗಳ ಕಾಲ ಬಾಳುತ್ತದೆ. ಆದರೆ 20ನೆಯ ಶತಮಾನದ ಅಗ್ಗದ ಅಚ್ಚಿನ ಕಾಗದ ಮರದ ತಿರುಳಿನಿಂದ ಮಾಡಿದ್ದು. ಅದರಲ್ಲಿರುವ ಲಿಗ್ನಿನ್ ಬೆಳಕಿಗೆ, ಗಾಳಿಗೆ ಹಳದಿಯಾಗುತ್ತದೆ. ತಯಾರಿಕೆಯಲ್ಲಿ ಬಳಸಿದ ಪಟಿಕದಿಂದ ಹುಟ್ಟುವ ಆಮ್ಲ ಎಳೆಗಳನ್ನು ಒಳಗಿನಿಂದಲೇ ತುಂಡರಿಸುತ್ತದೆ. ಕೊನೆಗೆ ಹಾಳೆ ಮಡಚಿದಲ್ಲಿ ಮುರಿದು, ಮುಟ್ಟಿದಲ್ಲಿ ಪುಡಿಯಾಗುತ್ತದೆ. ಆ ಕಾಲದ ಪತ್ರಿಕೆಗಳನ್ನು ಇಂದು ತೆರೆದವರಿಗೆ ಈ ಮಾತಿನ ಅನುಭವ ಆಗಿಯೇ ಇರುತ್ತದೆ.

ಇಂಥ ಕಾಗದ ನಮ್ಮ ಅನೇಕ ಮನೆಗಳಲ್ಲಿದೆ. ಅಜ್ಜನ ಕಾಲದ ಶಿವಾನುಭವದ ಸಂಚಿಕೆ, ಜಾತ್ರೆಯ ಕರಪತ್ರ, ಊರ ಗೋಡೆಗೆ ಅಂಟಿಸಲು ಅಚ್ಚು ಮಾಡಿಸಿದ ನಾಟಕದ ಭಿತ್ತಿಪತ್ರ, ಬಸವಣ್ಣನವರ ಚಿತ್ರವಿರುವ ಹಳೆಯ ಕ್ಯಾಲೆಂಡರು, ಲಿಂಗೈಕ್ಯ ಪೂಜ್ಯರ ಪಟ್ಟಾಧಿಕಾರದ ಆಮಂತ್ರಣ ಪತ್ರ. ರದ್ದಿಗೆ ಹಾಕಿದರೆ ಇವುಗಳ ಬೆಲೆ ಕೆಲವು ರೂಪಾಯಿ. ಆದರೆ ಯಾವ ಊರಿನಲ್ಲಿ ಯಾವ ವರ್ಷ ಯಾರು ಸೇರಿ ಏನು ಮಾಡಿದರೆಂಬುದಕ್ಕೆ ಅನೇಕ ಸಲ ಇದೊಂದೇ ಸಾಕ್ಷಿ. ಇವುಗಳನ್ನು ಕಾಯುವ ವಿಧಾನವನ್ನು ಸಂರಕ್ಷಣಾ ಶಾಸ್ತ್ರ ತಿಳಿಸುತ್ತದೆ. ಅದರಲ್ಲಿ ಮನೆಯಲ್ಲಿಯೇ ಪಾಲಿಸಬಹುದಾದ ಕೆಲವನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು, ಕೇಡು ಮಾಡದಿರುವುದು. ಹರಿದ ಹಾಳೆಗೆ ಪಾರದರ್ಶಕ ಅಂಟುಪಟ್ಟಿ ಹಚ್ಚಬಾರದು. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಬಾರದು. ಬಿಸಿಯಿಂದ ಅಂಟಿದ ಹೊದಿಕೆಯನ್ನು ಮುಂದೆ ಬಿಡಿಸಲಾಗದು, ಒಳಗಿನ ಆಮ್ಲವೂ ಅಲ್ಲಿಯೇ ಉಳಿಯುತ್ತದೆ. ತುಕ್ಕು ಹಿಡಿಯುವ ಗುಂಡುಸೂಜಿ, ಸ್ಟೇಪಲ್ ಪಿನ್ನುಗಳನ್ನು ಮೆಲ್ಲನೆ ತೆಗೆಯಬೇಕು.

ಎರಡನೆಯದು, ಇಡುವ ಕ್ರಮ. ನೆಲಕ್ಕೂ ಹೊರಗೋಡೆಗೂ ತಾಗದಂತೆ, ಬಿಸಿಲು ಬೀಳದ, ಗಾಳಿಯಾಡುವ ಕಪಾಟಿನಲ್ಲಿ ಇಡಬೇಕು. ಭಿತ್ತಿಪತ್ರವನ್ನು ಮಡಚದೆ ಚಪ್ಪಟೆಯಾಗಿ, ಆಮ್ಲರಹಿತ ಕಾಗದದ ನಡುವೆ ಇಡುವುದು ಲೇಸು. ಗಾಳಿಯ ತೇವಾಂಶ ಶೇ 50ರ ಆಸುಪಾಸಿನಲ್ಲಿದ್ದರೆ ಒಳಿತು. ಬಹಳ ಏರಿದರೆ ಬೂಷ್ಟು ಬರುತ್ತದೆ, ಬಹಳ ಇಳಿದರೆ ಕಾಗದ ಪೆಡಸಾಗುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಎಲ್ಲವನ್ನೂ ತೆರೆದು, ಮೃದುವಾದ ಕುಂಚದಿಂದ ಧೂಳು ತೆಗೆದು, ಹುಳು ಸೇರಿದೆಯೇ ಎಂದು ನೋಡಬೇಕು. ದೇವರ ಕೋಣೆಯಲ್ಲಿ ಕಟ್ಟು ಹಾಕಿಸಿದ ಹಳೆಯ ಚಿತ್ರವಿದ್ದರೆ ದೀಪದ ಹೊಗೆಯಿಂದ ದೂರ ಇರಿಸಬೇಕು. ಚಿತ್ರ ಗಾಜಿಗೆ ನೇರವಾಗಿ ತಾಗಬಾರದು. ಹಿಂದಿರುವ ಅಗ್ಗದ ರಟ್ಟನ್ನು ಬದಲಿಸಬೇಕು, ಏಕೆಂದರೆ ರಟ್ಟಿನ ಆಮ್ಲವೂ ಚಿತ್ರಕ್ಕೆ ಹರಿಯುತ್ತದೆ.

ಮೂರನೆಯದು, ಚಿಕಿತ್ಸೆಯನ್ನು ಬಲ್ಲವರಿಗೆ ಒಪ್ಪಿಸುವುದು. ಸಂರಕ್ಷಣಾ ತಜ್ಞರು ಮೊದಲು ಶಾಯಿ ನೀರಿಗೆ ಕರಗುವುದೇ ಎಂದು ಪರೀಕ್ಷಿಸುತ್ತಾರೆ. ಕರಗದೆಂದು ಖಚಿತವಾದ ಮೇಲೆ ಸುಣ್ಣದ ತಿಳಿದ್ರಾವಣದಂಥ ಕ್ಷಾರದಿಂದ ಆಮ್ಲವನ್ನು ಶಮನಗೊಳಿಸುತ್ತಾರೆ. ಹರಿದ ಕಡೆ ತೆಳುವಾದ, ಉದ್ದನೆಯ ಎಳೆಗಳುಳ್ಳ ಜಪಾನೀ ಕಾಗದವನ್ನು ಗೋಧಿ ಗಂಜಿಯ ಅಂಟಿನಿಂದ ಕೂಡಿಸುತ್ತಾರೆ. ದೊಡ್ಡ ಭಿತ್ತಿಪತ್ರವಾದರೆ ಹಿಂಬದಿಗೆ ಪೂರ್ತಿ ಆಸರೆ ಕೊಡುತ್ತಾರೆ. ಗಂಜಿಯ ಅಂಟನ್ನೇ ಬಳಸುವುದಕ್ಕೆ ಕಾರಣವಿದೆ. ಬೇಕೆಂದಾಗ ಅದನ್ನು ತೇವ ಮಾಡಿ ಬಿಡಿಸಬಹುದು. ಮುಂದಿನವರು ನಮಗಿಂತ ಹೆಚ್ಚು ಬಲ್ಲವರಾಗಿರಬಹುದು, ಅವರು ತಿದ್ದಲು ಅವಕಾಶವಿರಬೇಕು ಎಂಬ ವಿನಯ ಆ ಶಾಸ್ತ್ರದ ತಿರುಳು. ಕಳೆದುಹೋದ ಅಕ್ಷರವನ್ನು ಅವರೂ ಊಹಿಸಿ ಬರೆಯುವುದಿಲ್ಲ. ಹಳಕಟ್ಟಿಯವರೂ ಊಹೆಗಿಂತ ಮತ್ತೊಂದು ಪ್ರತಿಯ ಸಾಕ್ಷ್ಯವನ್ನೇ ನಂಬಿದವರು.

ನಾಲ್ಕನೆಯದು, ಪ್ರತಿ ಮಾಡುವುದು. ಇಂದು ಪ್ರತಿ ಹಾಳೆಯ ಸ್ಪಷ್ಟವಾದ ಛಾಯಾಚಿತ್ರ ತೆಗೆದು ಎರಡು ಮೂರು ಕಡೆ ಇರಿಸುವುದು ಯಾರಿಂದಲೂ ಆಗುವ ಕೆಲಸ. ಜೊತೆಗೆ ಅದು ಯಾವ ಊರಿನದು, ಯಾರ ಮನೆಯದು, ಯಾವ ವರ್ಷದ್ದು ಎಂದು ಬರೆದಿಡಬೇಕು. ಹೆಸರಿಲ್ಲದ ಚಿತ್ರ ಅಂಕಿತವಿಲ್ಲದ ವಚನದಂತೆ, ಯಾರದೆಂದು ತಿಳಿಯುವುದಿಲ್ಲ. ಆದರೆ ಛಾಯಾಚಿತ್ರ ತೆಗೆದೆವೆಂದು ಮೂಲವನ್ನು ಎಸೆಯಬಾರದು. ಓಲೆಗರಿಗಳಿದ್ದರೆ ಅವನ್ನು ತೊಳೆಯದೆ, ಎಣ್ಣೆ ಹಚ್ಚದೆ, ಇದ್ದಂತೆಯೇ ಹಸ್ತಪ್ರತಿ ಭಂಡಾರವಿರುವ ವಿಶ್ವವಿದ್ಯಾಲಯಕ್ಕೋ ಮಠಕ್ಕೋ ತೋರಿಸಬೇಕು.

ಮನೆ ಮಾರಿದ ಒಬ್ಬ ವಕೀಲರಿಂದ ಸಾವಿರ ಕಟ್ಟುಗಳು ಉಳಿದವು. ಮನೆ ಮಾರುವ ತ್ಯಾಗವನ್ನು ಇಂದು ನಮ್ಮಿಂದ ಯಾರೂ ಕೇಳುತ್ತಿಲ್ಲ. ಅಟ್ಟದ ಪೆಟ್ಟಿಗೆಯನ್ನು ಇಳಿಸಿ ತೆರೆಯುವ ಒಂದು ದಿನದ ಬಿಡುವು, ಒಳಗಿರುವುದನ್ನು ಓದುವ ಒಂದಿಷ್ಟು ತಾಳ್ಮೆ ಸಾಕು. ಪೂಜಿಸುವುದರ ಜೊತೆಗೆ ಓದುವುದು, ಓದುವುದರ ಜೊತೆಗೆ ಮುಂದಿನವರಿಗೆ ಉಳಿಸುವುದು, ಇವು ಕೂಡಿದಾಗಲೇ ಗ್ರಂಥಕ್ಕೆ ನಾವು ತೋರುವ ಭಕ್ತಿ ಪೂರ್ಣವಾಗುತ್ತದೆ. ಬರುವ ಜುಲೈ 2ರೊಳಗಾಗಿ ಪ್ರತಿಯೊಂದು ಶರಣ ಕುಟುಂಬವೂ ತನ್ನ ಮನೆಯ ಒಂದು ಹಳೆಯ ಹಾಳೆಯನ್ನಾದರೂ ಹೀಗೆ ಕಾಪಾಡಲೆಂದು ಹಾರೈಸುತ್ತೇವೆ. ಹಳಕಟ್ಟಿಯವರ ಭಾವಚಿತ್ರಕ್ಕೆ ಹೂವಿನ ಹಾರ ಹಾಕುವ ನಮ್ಮ ಕೈಗಳಿಗೆ ಆಗ ಯೋಗ್ಯತೆ ಬಂದೀತು.